ಯುದ್ಧದಿಂದ ಬದುಕಿ ಬಂದ ಸೈನಿಕರು ಮನೆಗೆ ಮರಳಿದ ಮೇಲೆ ಯಾಕೆ ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ?

ಇದಕ್ಕೆ ಒಂದೇ ಕಾರಣ ಅಂತ ಇರುವುದಿಲ್ಲ.

ರಣರಂಗದಲ್ಲಿ ಜೀವ ಉಳಿಸುವುದೇ ಸದಾ ಎಚ್ಚರವಾಗಿರುವ ಅಭ್ಯಾಸ. ಮನೆಗೆ ಬಂದ ಮೇಲೂ ಕೆಲವರ ಮೆದುಳು ಆ ಸ್ವಿಚ್ ಆರಿಸುವುದಿಲ್ಲ. ಬಾಗಿಲು ಧಡ್ ಅಂದರೂ ಎದೆ ಹೊಡೆದುಕೊಳ್ಳುತ್ತದೆ. ನಿದ್ದೆ ಬರುವುದಿಲ್ಲ, ಬಂದರೆ ಕೆಟ್ಟ ಕನಸು. ಮೊದಲ ಮಹಾಯುದ್ಧದಲ್ಲಿ ಇದನ್ನು ‘ಶೆಲ್ ಶಾಕ್’ ಅಂದರು. ಹೇಡಿತನ ಅಂತ ಹೀಗಳೆದವರೂ ಇದ್ದರು. ‘ಪಿಟಿಎಸ್‌ಡಿ’ (ಆಘಾತದ ನಂತರ ಕಾಡುವ ಮಾನಸಿಕ ಒತ್ತಡದ ಕಾಯಿಲೆ) ಅನ್ನುವ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ.

ಆದರೆ ಭಯಕ್ಕಿಂತ ತಪ್ಪಿತಸ್ಥ ಭಾವವೇ ಜಾಸ್ತಿ ಕೊರೆಯುತ್ತದೆ ಅಂತ ನನಗನ್ನಿಸುತ್ತದೆ. ‘ಗೆಳೆಯ ಸತ್ತ, ನಾನ್ಯಾಕೆ ಉಳಿದೆ?’ ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ, ಅಲ್ವಾ? ಅದರ ಮೇಲೆ ಕುಡಿತ, ವಾಸಿಯಾಗದ ಗಾಯ. ಅರ್ಥ ಮಾಡಿಕೊಳ್ಳುತ್ತಿದ್ದ ತುಕಡಿಯ ಜೊತೆಗಾರರೂ ಪಕ್ಕದಲ್ಲಿಲ್ಲ.

ಬ್ರೌನ್ ವಿಶ್ವವಿದ್ಯಾಲಯದ 2021ರ ಅಂದಾಜು ನೋಡಿ. 9/11ರ ನಂತರದ ಯುದ್ಧಗಳಲ್ಲಿ ಅಮೆರಿಕದ ಸುಮಾರು 7,000 ಸೈನಿಕರು ಸತ್ತರು. ಆತ್ಮಹತ್ಯೆಯಿಂದ ಹೋದವರು, ಸೇವೆಯಲ್ಲಿದ್ದವರು ಮತ್ತು ಮಾಜಿ ಸೈನಿಕರು ಸೇರಿ, ಸುಮಾರು 30,000.

ಚಿಕಿತ್ಸೆ ಇದೆ, ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ. ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ, ಬೇಕಾದರೆ ಮಾತ್ರೆ. ಮನೆಯವರು ‘ಸಾಯುವ ಯೋಚನೆ ಬರ್ತಿದೆಯಾ?’ ಅಂತ ನೇರವಾಗಿಯೇ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಕೂಡಲೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.