ಕಾರು ಓಡಿಸೋಕೆ ಭಯ ಯಾರಿಗೆ? ವೀಲ್‌ಚೇರ್‌ನಲ್ಲಿರೋ ಒಬ್ಬ ಟೀಚರ್ ಪ್ರಕರಣ

ಕೋಲಾರ ಜಿಲ್ಲೆಯವರು, ವಯಸ್ಸು ನಲವತ್ತರ ಹತ್ರ, ಸರ್ಕಾರಿ ಪ್ರೈಮರಿ ಶಾಲೆ ಟೀಚರ್. ಮಂಜುಳಾ ಅಂತ ಇಟ್ಕೊಳ್ಳೋಣ, ಅದು ಅವರ ನಿಜವಾದ ಹೆಸರಲ್ಲ, ಊರಿನ ಗುರುತೂ ಬಿಟ್ಟಿದ್ದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿದ್ದೀನಿ. ಮೂರು ವರ್ಷದ ಹಿಂದೆ ಮಾವಿನ ಸೀಸನ್ನಲ್ಲಿ, ಶ್ರೀನಿವಾಸಪುರದ ಕಡೆಯಿಂದ ರಾತ್ರಿ ವಾಪಸ್ ಬರುವಾಗ, ಲೈಟಿಲ್ದೆ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರ್‌ಗೆ ಇವರ ಕಾರು ಗುದ್ದಿ ಬೆನ್ನುಹುರಿಗೆ ಏಟಾಯ್ತು. ಡಾಕ್ಟರ್ ಚೀಟಿಯಲ್ಲಿ ಡಿ12 ಅಂತಿದೆ, ಅಂದ್ರೆ ಎದೆ ಭಾಗದ ಬೆನ್ನುಮೂಳೆಗಳಲ್ಲಿ ಮೇಲಿಂದ ಹನ್ನೆರಡನೇದರ ಮಟ್ಟ, ಸೊಂಟದ ಕೆಳಗೆ ಸ್ವಾಧೀನ ಇಲ್ಲ, ಮುಟ್ಟಿದ್ರೂ ಗೊತ್ತಾಗಲ್ಲ, ಆದ್ರೆ ಕೈ, ಭುಜ, ಎದೆ ಎಲ್ಲ ಗಟ್ಟಿಯಾಗಿದೆ. ಆವತ್ತು ಕಾರು ಓಡಿಸ್ತಿದ್ದಿದ್ದು ಗಂಡ, ಅವರಿಗೆ ಬರೀ ತರಚು ಗಾಯ.

ಕೆಲಸ ಉಳೀತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್‌ನಲ್ಲಿ ಸರ್ವೀಸಲ್ಲಿರುವಾಗ ಅಂಗವಿಕಲರಾದ ಸರ್ಕಾರಿ ನೌಕರರನ್ನ ತೆಗೆಯೋ ಹಾಗಿಲ್ಲ, ಹುದ್ದೆ ಇಳಿಸೋ ಹಾಗೂ ಇಲ್ಲ ಅಂತ ಸ್ಪಷ್ಟವಾಗಿದೆ, ಇದು ಗೊತ್ತಿಲ್ದೆ ಎಷ್ಟೋ ಜನ ತಾವೇ ರಾಜೀನಾಮೆ ಬರ್ಕೊಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ.

ಅವರು ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದಿದ್ದು ನಿದ್ದೆ ಬರಲ್ಲ, ಮನೇಲಿ ಎಲ್ಲರ ಮೇಲೂ ರೇಗ್ತೀನಿ ಅಂತ. ಮಾತಾಡ್ತಾ ಮಾತಾಡ್ತಾ ಆಟೋ ವಿಷಯ ಬಂತು. “ಒಂದು ಕೈ ಬೆನ್ನಿಗೆ, ಇನ್ನೊಂದು ಕೈ ಮಂಡಿ ಕೆಳಗೆ ಕೊಟ್ಟು ಎತ್ತಿ ಇಳಿಸ್ತಾನೆ ಮೇಡಂ, ಒಳ್ಳೆ ಹುಡುಗ, ಬಾಯ್ತುಂಬ ಅಕ್ಕಾ ಅಂತಾನೆ, ಆದ್ರೆ ಗೇಟ್ ಹತ್ರ ನನ್ನ ಕ್ಲಾಸ್ ಮಕ್ಕಳೆಲ್ಲ ನೋಡ್ತಿರ್ತವೆ, ಸೀರೆ ಎಲ್ಲಿ ಮೇಲೆ ಸರಿಯುತ್ತೋ ಅಂತ ಒಂದು ಕೈಲಿ ನೆರಿಗೆ ಹಿಡ್ಕೊಂಡೇ ಇರ್ತೀನಿ. ಆಮೇಲೆ ಅದೇ ಮಕ್ಕಳಿಗೆ ಪಾಠ ಮಾಡ್ಬೇಕು.” ಅಪಘಾತಕ್ಕೆ ಮುಂಚೆ ಅವರು ತಾವೇ ಕಾರು ಓಡಿಸ್ಕೊಂಡು ಶಾಲೆಗೆ ಹೋಗ್ತಿದ್ದೋರು. ಮತ್ತೆ ಓಡಿಸ್ತೀನಿ ಅಂದಿದ್ದಕ್ಕೆ ಅತ್ತೆ “ಜೀವ ಉಳಿದಿದ್ದೇ ಹೆಚ್ಚು, ಇನ್ನೇನು ಬೇಕಮ್ಮ” ಅಂದ್ರು, ಮಂಜುಳಾ ಅವರ ತಮ್ಮ “ಸೈಡ್ ವೀಲ್ ಹಾಕ್ಸಿರೋ ಸ್ಕೂಟರ್ ತಗೋ ಅಕ್ಕ” ಅಂದ, ಗಂಡ ಮಾತ್ರ “ಎಲ್ಲಿಗೆ ಬೇಕೋ ಹೇಳು ಮಂಜು, ನಾನೇ ಬಿಡ್ತೀನಿ” ಅಂದು ಎದ್ದು ಹೋದ್ರು. ಅವರು ನರಸಾಪುರದಲ್ಲಿ ಶಿಫ್ಟ್ ಕೆಲಸ ಮಾಡೋರು, ದಿನಾ ಬಿಡೋಕೆ ಆಗೋ ಮಾತೇ ಅಲ್ಲ.

ನಾನು ಮೊದಲು ಮಾಡಿದ್ದು ಎರಡು ಪ್ರಶ್ನೆ ಬೇರೆ ಬೇರೆ ಮಾಡಿದ್ದು. ಈಯಮ್ಮನಿಗೆ ಓಡಿಸೋಕೆ ಆಗುತ್ತಾ ಅನ್ನೋದು ಒಂದು, ಮನೆಯವರಿಗೆ ಯಾಕೆ ಭಯ ಅನ್ನೋದು ಇನ್ನೊಂದು. ಮೊದಲನೇದಕ್ಕೆ ಉತ್ತರ ಕೊಡೋರು ಡಾಕ್ಟರು, ಫಿಸಿಯೋ, ಆರ್‌ಟಿಒ. ಎರಡನೇದಕ್ಕೆ ಮನೆಯವರೇ ಬಂದು ಕೂತ್ಕೋಬೇಕು. ನಮ್ಮ ಕಡೆ ಇವೆರಡನ್ನೂ ಕಲಸಿಬಿಟ್ಟು ಮನೆಯವರ ಭಯವನ್ನ ಅಂಗವಿಕಲತೆಯ ಲೆಕ್ಕಕ್ಕೆ ಬರೀತಾರೆ, ಅದು ಅನ್ಯಾಯ ಅಂತ ನನ್ನ ಖಚಿತ ಅಭಿಪ್ರಾಯ.

ಗಂಡನ್ನ ಒಬ್ಬರನ್ನೇ ಕರೆಸಿದೆ. ತುಂಬ ಹೊತ್ತು ರೋಡು, ಲಾರಿ, ಜನ ಹೇಗೆ ಓಡಿಸ್ತಾರೆ ಅಂತೆಲ್ಲ ಮಾತಾಡಿದ್ರು. ಆಮೇಲೆ ತಲೆ ತಗ್ಗಿಸ್ಕೊಂಡು, “ಆವತ್ತು ಒಂದು ಸೆಕೆಂಡ್ ತೂಕಡಿಸಿದ್ನಾ ಇಲ್ವಾ ಅನ್ನೋದು ನನಗೇ ಗೊತ್ತಿಲ್ಲ ಮೇಡಂ” ಅಂದ್ರು. ಮೂರು ವರ್ಷ ಅದನ್ನ ಯಾರ ಹತ್ರಾನೂ ಹೇಳಿರ್ಲಿಲ್ಲ. ರಾತ್ರಿ ಎದ್ದು ಕೂರೋದು, ಟ್ರ್ಯಾಕ್ಟರ್ ಕಂಡ್ರೆ ಕೈ ಬೆವರೋದು, ಆ ರೋಡನ್ನೇ ಬಿಟ್ಟು ಸುತ್ತು ಹಾಕ್ಕೊಂಡು ಹೋಗೋದು, ಎಲ್ಲ ಇತ್ತು. ಇದಕ್ಕೆ ಚಿಕಿತ್ಸೆ ಇದೆ ಅಂತ ಹೇಳಿ ಜಿಲ್ಲಾಸ್ಪತ್ರೆ ಮನೋವೈದ್ಯರ ಹತ್ರ ಕಳಿಸಿದೆ, ರಾತ್ರಿ ಹೊತ್ತು ತಡೆಯೋಕಾಗದಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಅಂದೆ, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ಹೆಂಡತಿಗೆ ಈ ಮಾತನ್ನ ನಾನು ಹೇಳಲಿಲ್ಲ, ಇಬ್ಬರೂ ಒಟ್ಟಿಗೆ ಕೂತ ದಿನ ಅವರೇ ಹೇಳಿದ್ರು. ಮಂಜುಳಾ ಅತ್ತರು, ಸಿಟ್ಟೂ ಬಂತು, ಬರಲೇಬೇಕಿತ್ತು, ಅದನ್ನ ನಾನು ತಡೀಲಿಲ್ಲ. ಕೊನೆಗೆ ಅವರು ಹೇಳಿದ್ದು ಇಷ್ಟೇ, “ರೀ, ನಿಮ್ಮ ಭಯಕ್ಕೆ ನನ್ನನ್ನ ಮನೇಲಿ ಕೂರಿಸ್ಬೇಡಿ.”

ಇನ್ನು ಓಡಿಸೋ ವಿಷಯಕ್ಕೆ ಕೊಟ್ಟ ಸಲಹೆ. ಇದೇ ಸ್ಥಿತಿಯಲ್ಲಿರೋ ಬೇರೆಯವರಿಗೂ ಬೇಕಾಗುತ್ತೆ ಅಂತ ಸ್ವಲ್ಪ ವಿವರವಾಗೇ ಬರೀತೀನಿ.

ಕಾರು ಕೊಳ್ಳೋಕೆ ಮುಂಚೆ ಫಿಸಿಯೋ ಹತ್ರ ಹೋಗಿ. ವೀಲ್‌ಚೇರಿಂದ ಕಾರ್ ಸೀಟಿಗೆ ಯಾರೂ ಎತ್ತದೆ ದಾಟೋದು ಮೊದಲು ಬರಬೇಕು, ಅದಕ್ಕೆ ನುಣುಪಾದ ಟ್ರಾನ್ಸ್‌ಫರ್ ಬೋರ್ಡ್ ಸಿಗುತ್ತೆ, ಕುಂಡಿ ಕೆಳಗೆ ಒಂದು ತುದಿ, ಸೀಟ್ ಮೇಲೆ ಇನ್ನೊಂದು ತುದಿ ಇಟ್ಟು ಕೈಬಲದಲ್ಲಿ ಜರುಗೋದು. ಗಂಡ ಸೇಫ್ ಇರುತ್ತೆ ಅಂತ ದೊಡ್ಡ ಎತ್ತರದ ಗಾಡಿ ನೋಡಿಟ್ಟಿದ್ರು, ಶೋರೂಮಿಗೆ ವೀಲ್‌ಚೇರ್ ಸಮೇತ ಹೋಗಿ ದಾಟಿ ನೋಡಿ ಅಂದೆ, ಆ ಎತ್ತರಕ್ಕೆ ಆಗಲೇ ಇಲ್ಲ. ವೀಲ್‌ಚೇರ್ ಸೀಟೂ ಕಾರ್ ಸೀಟೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರಬೇಕು, ಬಾಗಿಲು ಅಗಲಕ್ಕೆ ತೆರೀಬೇಕು, ಚೇರಿನ ಗಾಲಿ ಬಿಚ್ಚಿ ತಾವೇ ಪಕ್ಕದ ಸೀಟಿಗೆ ಎತ್ತಿ ಹಾಕ್ಕೊಳ್ಳೋ ಹಾಗಿರಬೇಕು. ಚೇರ್ ಒಳಗೆ ಹಾಕೋಕೆ ಇನ್ನೊಬ್ಬರು ಬೇಕು ಅಂದ್ರೆ ಮತ್ತೆ ಕಾಯೋದು ತಪ್ಪಲ್ಲ. ತಮ್ಮ ಹೇಳಿದ ಸ್ಕೂಟರ್ ಬೇಡ ಅಂದಿದ್ದಕ್ಕೂ ಇದೇ ಕಾರಣ, ಚೇರ್ ಇಡೋಕೆ ಜಾಗ ಕಮ್ಮಿ, ಮೇಲಾಗಿ ಸ್ಪರ್ಶ ಇಲ್ಲದ ಮೈಗೆ ಹಳ್ಳಿ ರೋಡಿನ ಕುಲುಕಾಟ ಒಳ್ಳೇದಲ್ಲ.

ಗಾಡಿ ಆಟೋಮ್ಯಾಟಿಕ್ ಇರಲೇಬೇಕು. ಅದಕ್ಕೆ ಹ್ಯಾಂಡ್ ಕಂಟ್ರೋಲ್ ಕೂರಿಸ್ತಾರೆ, ಸ್ಟೀರಿಂಗ್ ಪಕ್ಕ ಒಂದು ಲಿವರ್, ಮುಂದಕ್ಕೆ ತಳ್ಳಿದ್ರೆ ಬ್ರೇಕ್, ತಮ್ಮ ಕಡೆ ಎಳೆದ್ರೆ ಆಕ್ಸಿಲರೇಟರ್, ಒಂದೇ ಕೈಲಿ ತಿರುಗಿಸೋಕೆ ಸ್ಟೀರಿಂಗ್‌ಗೆ ಒಂದು ಗುಬುಟು. ಪೆಡಲ್‌ಗಳೂ ಹಾಗೇ ಇರುತ್ತವೆ, ಮನೆಯವರೂ ಓಡಿಸ್ಬಹುದು. ಆದ್ರೆ ಸ್ಪಾಸಂ (ಸ್ನಾಯು ತಾನಾಗೇ ಬಿಗಿದು ಸೆಳೆಯೋದು) ಬಂದು ಕಾಲು ಪೆಡಲ್ ಮೇಲೆ ಬಿದ್ರೆ ಅವರಿಗೆ ಗೊತ್ತೇ ಆಗಲ್ಲ, ಅದಕ್ಕೆ ಪೆಡಲ್ ಗಾರ್ಡ್ ಹಾಕಿಸಿ, ಶೂ ಹಾಕ್ಕೊಳ್ಳಿ, ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ್ದ ಕಾರಿಗೆ ಹತ್ತೋ ಮುಂಚೆ ಸೀಟು, ಬೆಲ್ಟ್ ಬಕಲ್ ಕೈಯಲ್ಲಿ ಮುಟ್ಟಿ ನೋಡಿ, ಸುಟ್ಟ ಗಾಯ ಆಗಿದ್ದು ಸಂಜೆ ಮನೆಗೆ ಬಂದ ಮೇಲೆ ಗೊತ್ತಾದ್ರೆ ಕಷ್ಟ. ದೂರ ಹೋಗುವಾಗ ಅರ್ಧ ಗಂಟೆಗೊಂದ್ಸಲ ನಿಲ್ಲಿಸಿ ಆ ಕಡೆ ಈ ಕಡೆ ವಾಲಿ ಮೈಭಾರ ಇಳಿಸ್ಬೇಕು, ಇಲ್ಲಾಂದ್ರೆ ಬೆಡ್ ಸೋರ್ ಆಗುತ್ತೆ. ಹೊರಡೋ ಮುಂಚೆ ಕ್ಯಾತಿಟರ್ ಹಾಕಿ ಮೂತ್ರ ಖಾಲಿ ಮಾಡ್ಕೊಳ್ಳಿ. ಸ್ಪಾಸಂಗೆ ಕೊಡೋ ಬ್ಯಾಕ್ಲೋಫೆನ್, ನರದ ನೋವಿಗೆ ಕೊಡೋ ಪ್ರೀಗಾಬಲಿನ್ ಎರಡೂ ತೂಕಡಿಕೆ ತರಬಹುದು, ಯಾವ ಹೊತ್ತಿಗೆ ತಗೋಬೇಕು ಅಂತ ಡಾಕ್ಟರನ್ನ ಕೇಳದೆ ಸ್ಟೀರಿಂಗ್ ಹಿಡೀಬೇಡಿ, ತಾವಾಗೇ ಮಾತ್ರೆ ನಿಲ್ಲಿಸಲೂ ಬೇಡಿ. ಡಿ6 ಅಥವಾ ಅದಕ್ಕಿಂತ ಮೇಲೆ ಏಟಾಗಿರೋರು ಇನ್ನೂ ಹುಷಾರು, ಮೂತ್ರಚೀಲ ತುಂಬಿದ್ರೆ ಸಾಕು ಅವರಿಗೆ ಬಿಪಿ ದಿಢೀರ್ ಏರಬಹುದು.

ಕಾಗದಪತ್ರದಲ್ಲಿ ಶಾರ್ಟ್‌ಕಟ್ ಬೇಡ. ಹಳೇ ಲೈಸೆನ್ಸ್ ಇದೆಯಲ್ಲ ಅಂತ ಸುಮ್ನೆ ಓಡಿಸೋ ಹಾಗಿಲ್ಲ, ವೈದ್ಯಕೀಯ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ) ಇಟ್ಕೊಂಡು ಆರ್‌ಟಿಒಗೆ ಹೋಗಿ ಅಡಾಪ್ಟೆಡ್ ವೆಹಿಕಲ್, ಅಂದ್ರೆ ಅಂಗವಿಕಲರಿಗೆ ತಕ್ಕಂತೆ ಮಾರ್ಪಾಡಾದ ಗಾಡಿ, ಅನ್ನೋ ವರ್ಗಕ್ಕೆ ಲೈಸೆನ್ಸ್ ಮಾಡಿಸ್ಬೇಕು. 2019ರ ತಿದ್ದುಪಡಿಗೆ ಮುಂಚೆ ಇದನ್ನೇ ಇನ್ವ್ಯಾಲಿಡ್ ಕ್ಯಾರೇಜ್ ಅಂತಿದ್ರು, ಕೆಲವು ಬ್ರೋಕರ್‌ಗಳು ಈಗಲೂ ಹಾಗೇ ಅಂತಾರೆ. ಗಾಡಿ ಮಾರ್ಪಾಡಿಗೂ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಬರೆಸ್ಬೇಕು, ಆಮೇಲೆ ಇನ್ಶೂರೆನ್ಸ್‌ನವರಿಗೆ ತಿಳಿಸ್ಬೇಕು. ಆರ್‌ಸಿಯಲ್ಲಿ ನಮೂದಾಗಿದ್ರೆ ಪ್ರೀಮಿಯಂನಲ್ಲಿ ರಿಯಾಯ್ತಿ ಕೇಳಿ, ಬಾಯಿಬಿಟ್ಟು ಕೇಳಿದ್ರೇನೆ ಕೊಡೋದು. ಕೌಂಟರ್‌ನಲ್ಲಿ ಯಾರೋ “ಇಂಥವರಿಗೆ ಕೊಡಲ್ಲ” ಅಂದ್ರೆ ವಾಪಸ್ ಬರಬೇಡಿ, ಮೋಟಾರು ವಾಹನ ಕಾಯ್ದೆಯಲ್ಲೇ ಇದಕ್ಕೆ ಅವಕಾಶ ಇದೆ, ಕೊಡಲ್ಲ ಅನ್ನೋದನ್ನ ಲಿಖಿತದಲ್ಲಿ ಕೊಡಿ ಅಂತ ಕೇಳಿ. ಮಂಜುಳಾಗೂ ಹಾಗೆ ಅಂದ್ರು, ಅವರು ಮೇಷ್ಟ್ರ ಗಂಟಲಲ್ಲೇ ಲಿಖಿತದಲ್ಲಿ ಕೊಡಿ ಸಾರ್ ಅಂದ್ರು, ಕೆಲಸ ಆಯ್ತು.

ಭಯ ಬಿಡಿಸಿದ್ದು ನಿಧಾನಕ್ಕೆ. ಮೊದಲು ನಿಂತ ಕಾರಲ್ಲಿ ಬರೀ ಕೂರೋದು, ಆಮೇಲೆ ಭಾನುವಾರ ಬೆಳಗ್ಗೆ ಖಾಲಿ ಮೈದಾನ, ಆಮೇಲೆ ಶಾಲೆ ರೋಡು. ಒಂದು ಮೆಟ್ಟಿಲಲ್ಲಿ ಎದೆ ಬಡಿತ ಇಳಿಯೋವರೆಗೂ ಮುಂದಿನದಕ್ಕೆ ಹೋಗ್ಬೇಡಿ ಅಂದಿದ್ದೆ. ಗಂಡ ಪಕ್ಕದಲ್ಲಿ ಕೂತು ತಾನೂ ಕಾಲಲ್ಲಿ ಬ್ರೇಕ್ ಒತ್ತೋರು, ಅಯ್ಯೋ ಅನ್ನೋರು, ಅದಕ್ಕೆ ಆ ಸೀಟಲ್ಲಿ ನಿಮ್ಮ ತಮ್ಮನನ್ನ ಕೂರಿಸಿ ಅಂತ ಮಂಜುಳಾಗೆ ಅಂದೆ, ಗಂಡನಿಗೆ ಕೊಟ್ಟ ಕೆಲಸ ಹೊರಗೆ ನಿಂತು ನೋಡೋದು.

ಈಗ ಮಂಜುಳಾ ತಾವೇ ಶಾಲೆಗೆ ಹೋಗ್ತಾರೆ, ಹೆಡ್ ಮೇಷ್ಟ್ರು ಗೇಟ್ ಒಳಗೆ ರ್ಯಾಂಪ್ ಪಕ್ಕ ನಿಲ್ಲಿಸೋಕೆ ಜಾಗ ಬಿಡಿಸಿದ್ದಾರೆ. ರಾತ್ರಿ ಓಡಿಸಲ್ಲ, ಹೈವೇಗೆ ಇನ್ನೂ ಹತ್ತಿಲ್ಲ, ಅವಸರ ಬೇಡ ಅಂತ ನಾನೂ ಅಂದಿದ್ದೀನಿ. ಗಂಡನ ಚಿಕಿತ್ಸೆ ನಡೀತಿದೆ, ನಿದ್ದೆ ಪರವಾಗಿಲ್ಲ ಅಂತಾರೆ. ಮಾರ್ಪಾಡಾದ ಗಾಡಿಗೆ ನ್ಯಾಷನಲ್ ಹೈವೇ ಟೋಲ್ ವಿನಾಯ್ತಿ ಇದೆ, ಅದಕ್ಕೆ ಬೇರೆ ಫಾಸ್ಟ್ಯಾಗ್ ಮಾಡಿಸ್ಬೇಕು ಅಂತ ಹೇಳಿದ್ದೆ, ಆ ಅರ್ಜಿಗೆ ಬೇಕಾದ ಆರ್‌ಸಿ ನಕಲು, ಫೋಟೋ ಎಲ್ಲ ಹೊಂದಿಸ್ತಿರೋದು ಈಗ ಅವರ ಗಂಡನೇ.