ಇಕೋ ಮೋಡ್ ಹಾಕಿದರೂ ಮೈಲೇಜ್ ಏಕೆ ಏರುತ್ತಿಲ್ಲ?

ಧಾರವಾಡದಿಂದ ಹುಬ್ಬಳ್ಳಿಗೆ ದಿನಾಲೂ ಕೆಲಸಕ್ಕೆ ಹೋಗಿ ಬರುತ್ತೀರಿ, ಹೊಸ ಪೆಟ್ರೋಲ್ ಆಟೋಮ್ಯಾಟಿಕ್ ಕಾರು, ಕೊಂಡಾಗಿನಿಂದ ಇಕೋ ಮೋಡ್ ಒಮ್ಮೆಯೂ ಆಫ್ ಮಾಡಿಲ್ಲ. ಆದರೂ ಕಂಪನಿ ಹೇಳಿದ 19ರ ಬದಲು 13ರ ಆಸುಪಾಸಿನಲ್ಲಿ ಮೈಲೇಜ್ ಬರುತ್ತಿದೆ. ಈ ಗುಂಡಿ ನಿಜವಾಗಿ ಏನಾದರೂ ಮಾಡುತ್ತದೆಯೇ, ಇಲ್ಲ ಬರೀ ಹಸಿರು ದೀಪ ಹತ್ತುತ್ತದೆಯೇ ಎಂದು ಕೇಳಿದ್ದೀರಿ.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಗ್ಯಾರೇಜ್ ನಡೆಸುತ್ತೇನೆ. ಇದೇ ದೂರು ಹೊತ್ತು ಬರುವವರು ಬಹಳ ಮಂದಿ. ಹೆಚ್ಚಿನವರ ಕಾರಿನಲ್ಲಿ ದೋಷವಿರುವುದಿಲ್ಲ, ಗುಂಡಿಯೂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಆದರೆ ಅದರ ಕೆಲಸ ಚಿಕ್ಕದು. ಪೆಟ್ರೋಲ್ ಉಳಿಯುವುದು ಮುಖ್ಯವಾಗಿ ನಿಮ್ಮ ಬಲಗಾಲಿನಿಂದ, ಅದಕ್ಕಿಂತ ಹೆಚ್ಚಾಗಿ ಮುಂದಿನ ರಸ್ತೆಯನ್ನು ನೀವು ಎಷ್ಟು ದೂರದವರೆಗೆ ನೋಡುತ್ತೀರಿ ಎಂಬುದರಿಂದ.

ಇಂದಿನ ಕಾರುಗಳಲ್ಲಿ ಆಕ್ಸಿಲರೇಟರ್ ಪೆಡಲ್‌ಗೂ ಎಂಜಿನ್‌ಗೂ ನಡುವೆ ತಂತಿ ಇಲ್ಲ. ಪೆಡಲ್ ಎಷ್ಟು ಒತ್ತಿದ್ದೀರಿ ಎಂಬುದನ್ನು ಸೆನ್ಸರ್ ಓದಿ ಕಂಪ್ಯೂಟರ್‌ಗೆ ಹೇಳುತ್ತದೆ, ಎಂಜಿನ್ನಿಗೆ ಗಾಳಿ ಬಿಡುವ ಕವಾಟ, ಅಂದರೆ ಥ್ರಾಟಲ್, ಎಷ್ಟು ತೆರೆಯಬೇಕೆಂದು ಕಂಪ್ಯೂಟರ್ ನಿರ್ಧರಿಸುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಜೋಡಿಸಿದರೆ ಪೆಡಲ್‌ನ ಒತ್ತು ಎಷ್ಟು, ಥ್ರಾಟಲ್‌ನ ತೆರವು ಎಷ್ಟು ಎಂಬ ಎರಡೂ ಅಂಕಿಗಳು ಪರದೆಯ ಮೇಲೆ ಪಕ್ಕಪಕ್ಕದಲ್ಲೇ ಓಡುತ್ತಿರುತ್ತವೆ. ಸಾಧಾರಣ ಮೋಡ್‌ನಲ್ಲಿ ಪೆಡಲ್ ತುಸು ಒತ್ತಿದರೂ ಥ್ರಾಟಲ್ ಚುರುಕಾಗಿ ತೆರೆದುಕೊಳ್ಳುತ್ತದೆ. ಇಕೋ ಹಾಕಿ ಅಷ್ಟೇ ಒತ್ತಿದರೆ ಥ್ರಾಟಲ್‌ನ ಅಂಕಿ ಹಿಂದೆ ಬೀಳುತ್ತದೆ, ನಿಧಾನವಾಗಿ ಏರುತ್ತದೆ. ಜೊತೆಗೆ ಗೇರ್ ಪೆಟ್ಟಿಗೆ ಬೇಗ ಮೇಲಿನ ಗೇರಿಗೆ ಹೋಗುತ್ತದೆ, ಅನೇಕ ಕಾರುಗಳಲ್ಲಿ ಎ.ಸಿ.ಯ ಜೋರನ್ನೂ ಕಂಪ್ಯೂಟರ್ ಒಂದಿಷ್ಟು ತಗ್ಗಿಸುತ್ತದೆ. ಇಕೋ ಮಾಡುವುದು ಇಷ್ಟೇ.

ಹಾಗಾಗಿಯೇ ಅನೇಕರಿಗೆ ಲಾಭ ಸಿಗುವುದಿಲ್ಲ. ಕಾರು ಮಂದವಾಯಿತು ಎಂದು ಕಾಲು ತಾನಾಗಿಯೇ ಇನ್ನಷ್ಟು ಒತ್ತುತ್ತದೆ. ಒತ್ತಿದಷ್ಟೂ ಥ್ರಾಟಲ್ ತೆರೆಯುತ್ತದೆ, ಗುಂಡಿ ಉಳಿಸಿದ್ದನ್ನು ಕಾಲು ಖರ್ಚು ಮಾಡಿಬಿಡುತ್ತದೆ. ಪೆಡಲ್ ಹೆಚ್ಚು ಒತ್ತಿ ಹಳೆಯ ವೇಗವನ್ನೇ ಪಡೆಯುತ್ತಿದ್ದರೆ ಇಕೋ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈಗ ನಿಮ್ಮ ದಾರಿಗೆ ಬರೋಣ. ಧಾರವಾಡ–ಹುಬ್ಬಳ್ಳಿ ರಸ್ತೆಯ ಬಹುಭಾಗದಲ್ಲಿ ನಡುವಿನ ಪಥ ಚಿಗರಿ ಎಂಬ ಬಿ.ಆರ್.ಟಿ.ಎಸ್. ಬಸ್ಸುಗಳಿಗೆ ಮೀಸಲು, ಉಳಿದವರೆಲ್ಲ ಅಕ್ಕಪಕ್ಕದ ಪಥಗಳಲ್ಲಿ. ರಸ್ತೆ ಅಗಲವಾಗಿದೆ, ವೇಗ ಸಲೀಸಾಗಿ ಏರುತ್ತದೆ, ಅಷ್ಟರಲ್ಲಿ ಸಿಗ್ನಲ್ ಬರುತ್ತದೆ. ಈ ಏರಿಳಿತವೇ ನಿಮ್ಮ ಪೆಟ್ರೋಲ್ ತಿನ್ನುತ್ತಿರುವುದು. ಲೆಕ್ಕ ಹಾಕಿ ನೋಡಿ: ಜನರೂ ಸೇರಿ ಸುಮಾರು 1,200 ಕಿಲೋ ತೂಗುವ ಕಾರನ್ನು ನಿಂತಲ್ಲಿಂದ ಗಂಟೆಗೆ 60 ಕಿ.ಮೀ. ವೇಗಕ್ಕೆ ತರಲು, ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಭಾಗವನ್ನು ಗಾಲಿಗೆ ಮುಟ್ಟಿಸುತ್ತದೆ ಎಂದು ಹಿಡಿದರೆ, ವೇಗ ಗಳಿಸಲೆಂದೇ ಸುಮಾರು 20 ಮಿಲಿಲೀಟರ್ ಬೇಕು. ಅಂದರೆ ನಾಲ್ಕು ಚಹಾ ಚಮಚ. ಕೆಂಪು ದೀಪದ ಬುಡದವರೆಗೂ ಅದೇ ವೇಗದಲ್ಲಿ ಹೋಗಿ ಬ್ರೇಕ್ ಒತ್ತಿದಾಗ ಆ ನಾಲ್ಕೂ ಚಮಚ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಗುತ್ತವೆ. ಹಸಿರು ಬಂದ ಮೇಲೆ ಮತ್ತೆ ನಾಲ್ಕು ಚಮಚ. ಉಣಕಲ್, ವಿದ್ಯಾನಗರ, ಹೊಸೂರು ಎಂದು ಹೀಗೆಯೇ ನಿಂತು ನಿಂತು ಹೋದರೆ ಎಷ್ಟಾಯಿತು ನೀವೇ ಕೂಡಿಸಿಕೊಳ್ಳಿ.

ಇದಕ್ಕೆ ಉಪಾಯ ಒಂದೇ. ದೂರದಲ್ಲಿ ಕೆಂಪು ಕಂಡ ಕೂಡಲೇ ಪೆಡಲ್‌ನಿಂದ ಕಾಲು ಪೂರ್ತಿ ತೆಗೆಯಿರಿ. ಗೇರ್ ಹಾಗೆಯೇ ಇರಲಿ, ಕಾರು ಉರುಳಲಿ. ಸಿಗ್ನಲ್ ಮುಟ್ಟುವ ಹೊತ್ತಿಗೆ ಹಸಿರಾದರೆ 25–30ರ ವೇಗ ಕೈಯಲ್ಲಿರುತ್ತದೆ, ಸೊನ್ನೆಯಿಂದ ಶುರು ಮಾಡಬೇಕಿಲ್ಲ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ, ಅವರೂ ಅದೇ ಕೆಂಪು ದೀಪಕ್ಕೆ ಹೋಗುತ್ತಿರುವುದು.

ಕಾಲು ತೆಗೆದಾಗ ಎಂಜಿನ್ನಿನೊಳಗೆ ನಡೆಯುವುದನ್ನು ಪ್ರತಿಯೊಬ್ಬರಿಗೂ ತೋರಿಸಬೇಕೆಂದು ನನಗೆ ಆಸೆ. ಸ್ಕ್ಯಾನರ್ ಜೋಡಿಸಿಕೊಂಡು ನವಲೂರು ಸೇತುವೆ ಇಳಿಯುವಾಗ ಗೇರಿನಲ್ಲೇ ಕಾಲು ತೆಗೆದರೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ನ ಅಂಕಿ ಕ್ಷಣಮಾತ್ರದಲ್ಲಿ ಸೊನ್ನೆಗೆ ಇಳಿಯುತ್ತದೆ. ಎಂಜಿನ್ ತಿರುಗುತ್ತಿದೆ, ಕಾರು ಓಡುತ್ತಿದೆ, ಆದರೆ ಒಂದು ಹನಿ ಪೆಟ್ರೋಲೂ ಒಳಗೆ ಹೋಗುತ್ತಿಲ್ಲ. ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ವೇಗ ಇಳಿದು ಎಂಜಿನ್ನಿನ ಸುತ್ತು ನಿಮಿಷಕ್ಕೆ ಸಾವಿರ ಚಿಲ್ಲರೆಗೆ ಬಂದಾಗ ಅಂಕಿ ಮತ್ತೆ ಮೇಲೇಳುತ್ತದೆ, ಇಲ್ಲದಿದ್ದರೆ ಎಂಜಿನ್ ನಿಂತುಹೋಗುತ್ತದೆ. ಅದೇ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ನೋಡಿ: ಅಂಕಿ ಸೊನ್ನೆಯಾಗುವುದೇ ಇಲ್ಲ, ಏಕೆಂದರೆ ಈಗ ಎಂಜಿನ್ ತನ್ನ ಉಸಿರನ್ನು ತಾನೇ ಉಳಿಸಿಕೊಳ್ಳಬೇಕು. ಕಾರ್ಬ್ಯುರೇಟರ್ ಕಾಲದ ಹಿರಿಯರು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುತ್ತಿದ್ದರು, ಆ ರೂಢಿ ಇನ್ನೂ ಹೋಗಿಲ್ಲ. ಇಂದಿನ ಇಂಜೆಕ್ಷನ್ ಕಾರಿನಲ್ಲಿ ಇಳಿಜಾರಿನ ನ್ಯೂಟ್ರಲ್‌ನಿಂದ ಲಾಭವಿಲ್ಲ, ಮೇಲಾಗಿ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಎಂಜಿನ್ ಆರಿಸಿ ಇಳಿಸುವುದಂತೂ ಅಪಾಯಕ್ಕೆ ಬಾಗಿಲು ತೆರೆದಂತೆ: ಸ್ಟೀರಿಂಗ್ ಬಿಗಿಯಾಗುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಕೆಲವು ಆಟೋಮ್ಯಾಟಿಕ್‌ಗಳು ಇಕೋದಲ್ಲಿ ತಾವಾಗಿಯೇ ಕ್ಲಚ್ ಬಿಡಿಸಿ ಕಾರನ್ನು ಉರುಳಿಸುತ್ತವೆ. ಅದು ಕಂಪ್ಯೂಟರ್ ಅಳೆದು ಮಾಡುವ ಕೆಲಸ, ಅದರ ಪಾಡಿಗೆ ಬಿಡಿ.

ಹೊರಡುವಾಗಲೂ ಒಂದು ತಪ್ಪು ತಿಳಿವಳಿಕೆ ಇದೆ. ತೀರಾ ಮೆಲ್ಲಗೆ, ತೆವಳಿದಂತೆ ವೇಗ ಏರಿಸಿದರೆ ಹೆಚ್ಚು ಉಳಿಯುತ್ತದೆ ಎಂದು ಜನ ನಂಬಿದ್ದಾರೆ. ಹಾಗೇನಿಲ್ಲ. ಪೆಟ್ರೋಲ್ ಎಂಜಿನ್ ಕಡಿಮೆ ಸುತ್ತಿನಲ್ಲಿ ಸಾಕಷ್ಟು ಭಾರ ಹೊತ್ತಾಗಲೇ ಚೆನ್ನಾಗಿ ದುಡಿಯುತ್ತದೆ. ಹದವಾಗಿ ಒತ್ತಿ ಬೇಗ ಮೇಲಿನ ಗೇರಿಗೆ ಬಂದು, ಬೇಕಾದ ವೇಗ ಸಿಕ್ಕ ಮೇಲೆ ಕಾಲು ಸಡಿಲಿಸಿ.

ಹೆದ್ದಾರಿಯ ಕಥೆಯೇ ಬೇರೆ. ಸಮವೇಗದಲ್ಲಿ ಓಡುವಾಗ ಇಕೋ ಹೆಚ್ಚೇನೂ ಮಾಡಲಾರದು. ಗಾಳಿಯ ತಡೆ ಎಷ್ಟಿದೆಯೋ ಅಷ್ಟು ಶಕ್ತಿ ಬೇಕೇ ಬೇಕು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚಿದ್ದು ಶೇ 25, ತಡೆ ಹೆಚ್ಚಿದ್ದು ಶೇ 56. ಹುಬ್ಬಳ್ಳಿಯಿಂದ ಹಾವೇರಿ ಸುಮಾರು 75 ಕಿ.ಮೀ. ನೂರರಲ್ಲಿ ಹೋದರೆ ಮುಕ್ಕಾಲು ಗಂಟೆ, ಎಂಬತ್ತರಲ್ಲಿ ಹೋದರೆ 56 ನಿಮಿಷ. ಆ ಹನ್ನೊಂದು ನಿಮಿಷ ಬಿಟ್ಟುಕೊಟ್ಟರೆ ಸಿಗುವ ಉಳಿತಾಯವನ್ನು ಯಾವ ಗುಂಡಿಯೂ ಕೊಡುವುದಿಲ್ಲ. ಚಾವಣಿಯ ಮೇಲೆ ಖಾಲಿ ಕ್ಯಾರಿಯರ್ ಇದ್ದರೆ ಬಿಚ್ಚಿಡಿ.

ನಮ್ಮ ಕಡೆ ಮಳೆಗಾಲದಲ್ಲಿ ಇನ್ನೊಂದು ಸಂಗತಿಯಿದೆ. ಆಷಾಢದ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಅಣ್ಣಿಗೇರಿಯ ಎರೆಹೊಲಗಳ ಬಯಲಿನಲ್ಲಿ ಅದನ್ನು ತಡೆಯುವ ಮರವಾಗಲಿ ಗುಡ್ಡವಾಗಲಿ ಇಲ್ಲ. ಗದಗದಿಂದ ಹುಬ್ಬಳ್ಳಿಗೆ ಬರುವಾಗ ಎದುರುಗಾಳಿ ಗಂಟೆಗೆ 20 ಕಿ.ಮೀ. ಇದ್ದರೆ, 80ರಲ್ಲಿ ಓಡುವ ಕಾರಿಗೆ ತಾಗುವ ಗಾಳಿ 100ರದ್ದು. ಹೋಗುವಾಗ ಬಂದ ಮೈಲೇಜ್ ಬರುವಾಗ ಬರಲಿಲ್ಲ, ಬಂಕಿನವರು ಮೋಸ ಮಾಡಿದರು ಎಂದು ಸಿಟ್ಟಾಗಿ ಬಂದವರಿಗೆ ನಾನು ಮೊದಲು ಕೇಳುವುದು ಯಾವ ತಿಂಗಳು, ಯಾವ ದಿಕ್ಕು ಎಂದು. ನಿಮ್ಮ ದಾರಿಯಲ್ಲೂ ಇಂಥ ವ್ಯತ್ಯಾಸ ಇದೆ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ, ಬೆಳಿಗ್ಗೆ ಇಳಿಯುತ್ತೀರಿ, ಸಂಜೆ ಏರುತ್ತೀರಿ. ಒಂದು ಕಡೆಯ ಅಂಕಿ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ಎ.ಸಿ. ವಿಷಯ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿಗೆ ಹತ್ತಿದ ಕೂಡಲೇ ಇಕೋದ ಎ.ಸಿ. ಸಾಲದು ಎನಿಸುತ್ತದೆ, ಉಷ್ಣಾಂಶವನ್ನು ತಳಕ್ಕೆ ಇಳಿಸಿ ಫ್ಯಾನ್ ಪೂರ್ತಿ ತಿರುಗಿಸುತ್ತೀರಿ. ಅಲ್ಲಿಗೆ ಇಕೋದ ಉಳಿತಾಯ ಮುಗಿಯಿತು. ಮೊದಲು ನಾಲ್ಕೂ ಕಿಟಕಿ ಇಳಿಸಿ ಒಂದು ನಿಮಿಷ ಓಡಿಸಿ ಬಿಸಿಗಾಳಿ ಹೊರಗೆ ಹಾಕಿ, ನಂತರ ಕಿಟಕಿ ಮುಚ್ಚಿ ಎ.ಸಿ. ಹಾಕಿ. ನಿಂತ ಕಡೆಯೇ ಎಂಜಿನ್ ಚಾಲೂ ಇಟ್ಟು ತಂಪು ಮಾಡಿಕೊಳ್ಳುವುದು ದುಬಾರಿ ಅಭ್ಯಾಸ. ಚಿಕ್ಕ ಪೆಟ್ರೋಲ್ ಎಂಜಿನ್ ನಿಂತಲ್ಲೇ ಗಂಟೆಗೆ ಸುಮಾರು ಮುಕ್ಕಾಲು ಲೀಟರ್ ಸುಡುತ್ತದೆ, ಎ.ಸಿ. ಇದ್ದರೆ ಇನ್ನೂ ಹೆಚ್ಚು. ಹತ್ತು ನಿಮಿಷ ಹಾಗೆ ನಿಂತರೆ ಎರಡು ಕಿಲೋಮೀಟರ್ ಓಡುವ ಪೆಟ್ರೋಲ್ ಹೋಯಿತು.

ಇಕೋ ಸದಾ ಇರಲೇಬೇಕೇ ಎಂದರೆ, ಬೇಡ ಎಂದು ಒತ್ತಿ ಹೇಳುತ್ತೇನೆ. ಊರೊಳಗೆ, ದಟ್ಟಣೆಯಲ್ಲಿ ಇರಲಿ. ಅಲ್ಲಿ ಅದು ಪೆಡಲ್ಲಿನ ಎಗರಾಟ ತಗ್ಗಿಸುತ್ತದೆ, ಕಾಲಿಗೂ ಆರಾಮ. ಆದರೆ ದ್ವಿಪಥ ರಸ್ತೆಯಲ್ಲಿ ಓವರ್‌ಟೇಕ್ ಮಾಡುವ ಮೊದಲು ಇಕೋ ಆಫ್ ಮಾಡಿಬಿಡಿ. ಮೆಣಸಿನಕಾಯಿ ಹಂಗಾಮಿನಲ್ಲಿ ಬ್ಯಾಡಗಿಯ ಕಡೆ ಚೀಲ ಹೇರಿಕೊಂಡು ಹೊರಟ ಲಾರಿಯನ್ನು ದಾಟಲು ಎದುರಿನ ಪಥಕ್ಕೆ ಇಳಿದ ಮೇಲೆ ಕಾರು ಮಂದವಾಗಿ ಪ್ರತಿಕ್ರಿಯಿಸಿದರೆ ಆ ಒಂದೆರಡು ಸೆಕೆಂಡುಗಳಿಗೆ ಬೆಲೆ ಕಟ್ಟಲಾಗದು. ಪೆಡಲ್ ಪೂರ್ತಿ ಒತ್ತಿದರೆ ಇಕೋದಲ್ಲೂ ಬಹುತೇಕ ಕಾರುಗಳು ಪೂರ್ತಿ ಶಕ್ತಿ ಕೊಡುತ್ತವೆ ನಿಜ, ಆದರೆ ಅಲ್ಲಿಯವರೆಗೆ ಒತ್ತಬೇಕು ಎಂಬುದು ಗಾಬರಿಯಲ್ಲಿ ಕಾಲಿಗೆ ಹೊಳೆಯುವುದಿಲ್ಲ. ನಮ್ಮ ಬೈಪಾಸ್ ದ್ವಿಪಥವಾಗಿದ್ದ ಕಾಲದಲ್ಲಿ ಎಷ್ಟು ಮನೆಗಳ ದೀಪ ಆರಿಸಿತು ಎಂಬುದು ಅವಳಿ ನಗರದವರಿಗೆಲ್ಲ ಗೊತ್ತು. ಏರು ರಸ್ತೆಯಲ್ಲಿ ಪೂರ್ತಿ ಜನ ತುಂಬಿಕೊಂಡು ಹೋಗುವಾಗಲೂ, ಹೆದ್ದಾರಿಗೆ ಪಕ್ಕದಿಂದ ಸೇರುವಾಗಲೂ ಅಷ್ಟೆ.

ಇನ್ನು ಕಂಪನಿ ಹೇಳಿದ 19. ಆ ಅಂಕಿ ಬರುವುದು ಪ್ರಯೋಗಾಲಯದಲ್ಲಿ, ರೋಲರ್‌ಗಳ ಮೇಲೆ ಕಾರು ಓಡಿಸಿ. ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎ.ಆರ್.ಎ.ಐ. ಪ್ರಮಾಣೀಕರಿಸುವ ಆ ಪರೀಕ್ಷಾ ಕ್ರಮದಲ್ಲಿ ವೇಗ 90 ದಾಟುವುದಿಲ್ಲ, ಎ.ಸಿ. ಬಂದ್ ಮಾಡಿರುತ್ತಾರೆ, ಎದುರುಗಾಳಿ ಇಲ್ಲ, ಗುಂಡಿ ಬಿದ್ದ ರಸ್ತೆ ಇಲ್ಲ. ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಲು ಅದು ಒಳ್ಳೆಯ ಅಳತೆ, ನಿಮ್ಮ ದಾರಿಗೆ ಕೊಟ್ಟ ಭರವಸೆಯಲ್ಲ. ಮೇಲಾಗಿ ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ, ಹಾಗಾಗಿ ಈ ಮಿಶ್ರಣದಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 6–7ರಷ್ಟು ಶಕ್ತಿ ಕಡಿಮೆ ಇರುತ್ತದೆ. ನಿಮ್ಮ ದಾರಿಯಲ್ಲಿ, ಎ.ಸಿ. ಹಾಕಿಕೊಂಡು, 15–16 ಬಂದರೆ ಚೆನ್ನಾಗಿ ಓಡಿಸುತ್ತಿದ್ದೀರಿ ಎಂದೇ ನಾನು ಹೇಳುತ್ತೇನೆ.

ಅಳೆಯುವುದನ್ನು ಸರಿಯಾಗಿ ಅಳೆಯಿರಿ. ಡ್ಯಾಶ್‌ಬೋರ್ಡಿನ ಅಂಕಿ ಸಾಮಾನ್ಯವಾಗಿ ಸ್ವಲ್ಪ ಉದಾರಿ. ಒಂದೇ ಬಂಕಿನಲ್ಲಿ, ಒಂದೇ ಪಂಪಿನಲ್ಲಿ, ಮೊದಲ ಸಲ ಗನ್ ತಾನಾಗಿ ನಿಂತ ಕೂಡಲೇ ಸಾಕು ಎನ್ನಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟ್ಯಾಂಕಿನ ಬಹುಪಾಲು ಖರ್ಚಾದ ಮೇಲೆ ಅಲ್ಲಿಯೇ ಹಾಗೆಯೇ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಒಂದು ಟ್ಯಾಂಕ್ ಇಕೋದಲ್ಲಿ, ಒಂದು ಟ್ಯಾಂಕ್ ಸಾಧಾರಣ ಮೋಡ್‌ನಲ್ಲಿ ಓಡಿಸಿದರೆ ನಿಮ್ಮ ಕಾಲಿಗೆ ಇಕೋ ಎಷ್ಟು ಉಪಯೋಗಕ್ಕೆ ಬರುತ್ತಿದೆ ಎಂಬುದು ತಿಳಿಯುತ್ತದೆ.

ಆ ಅಳತೆಗೆ ಮೊದಲು ಟೈರಿನ ಗಾಳಿ ನೋಡಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ ಬರೆದಷ್ಟೇ ಹಾಕಿಸಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಹಾಕಿಸಬೇಕು. ಕಾರು ಬಹಳ ಹೊತ್ತು ಓಡಿ ಬಿಸಿಯಾದ ಟೈರ್ ಹೆಚ್ಚು ತೋರಿಸುತ್ತದೆ, ನೀವು ಸರಿಯಾಗಿದೆ ಎಂದು ತಿಳಿದು ಬಂದುಬಿಡುತ್ತೀರಿ.

ಇಷ್ಟೆಲ್ಲ ಮಾಡಿಯೂ 13 ದಾಟದಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು. ಮನೆಗೆ ಬಂದು ಕಾರು ನಿಲ್ಲಿಸಿದ ಕೂಡಲೇ ನಾಲ್ಕೂ ಗಾಲಿಗಳ ನಡುಭಾಗದ ಹತ್ತಿರ ಅಂಗೈ ಒಡ್ಡಿ ನೋಡಿ, ಮುಟ್ಟಬೇಡಿ. ಮುಂದಿನ ಎರಡು ಒಂದಿಷ್ಟು ಹೆಚ್ಚು ಬೆಚ್ಚಗಿರುವುದು ಸಹಜ. ಆದರೆ ಎಡಕ್ಕಿಂತ ಬಲ ಅಥವಾ ಬಲಕ್ಕಿಂತ ಎಡ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಆ ಗಾಲಿಯ ಬ್ರೇಕ್ ಸರಿಯಾಗಿ ಬಿಡುತ್ತಿಲ್ಲ. ಕಾರು ಹೊಸದು, ವಾರಂಟಿ ಇದೆ; ಸರ್ವಿಸ್ ಸೆಂಟರಿಗೆ ಒಯ್ದು ಅದೊಂದನ್ನೇ ಹೆಸರಿಟ್ಟು ಹೇಳಿ, ಮೈಲೇಜ್ ಕಡಿಮೆ ಎಂದಷ್ಟೇ ಹೇಳಿದರೆ ಆ ಗಾಲಿ ಬಿಚ್ಚಿಸಿ ನೋಡುವವರು ಕಡಿಮೆ.