ಕಿವಿ ಕಪ್ಪಾಗಿದ್ದರೆ ಕಾಯಬೇಡಿ
ಕೊಕೇನ್ ಸೇದುವ ಗೆಳೆಯನಿಗೆ ಪದೇಪದೇ ಜ್ವರ, ಗಂಟಲು ಹುಣ್ಣು, ಈಗ ಕಿವಿಯಂಚು ಕಪ್ಪಾಗಿದೆ, ಸಂಬಂಧ ಇದೆಯಾ ಅಂತ ಕೇಳಿದ್ದೀರಿ. ಇರಬಹುದು. ದಯವಿಟ್ಟು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೊಕೇನಿಗೆ ಎಷ್ಟೋ ಸಲ ಲೆವಾಮಿಸೋಲ್ ಬೆರೆಸಿರುತ್ತಾರೆ. ಅದು ದನ, ಕುರಿಗಳ ಹೊಟ್ಟೆಹುಳಕ್ಕೆ ಕೊಡುವ ಔಷಧಿ. ಬಿಳಿ ಪುಡಿಯೊಳಗೆ ಬಿಳಿ ಪುಡಿ, ನೋಡಿದರೆ ಗೊತ್ತೇ ಆಗುವುದಿಲ್ಲ. ಕೆಲವರಲ್ಲಿ ಅದು ರಕ್ತದ ಬಿಳಿ ಕಣಗಳನ್ನು ತೀರಾ ಇಳಿಸಿಬಿಡುತ್ತದೆ. ಆಗ ಸಣ್ಣ ಸೋಂಕೂ ಜೀವಕ್ಕೆ ಕುತ್ತು. ಚರ್ಮದ ಸಣ್ಣ ರಕ್ತನಾಳಗಳೂ ಊದಿ ಕಟ್ಟಿಕೊಳ್ಳುತ್ತವೆ, ಕಿವಿ ಕಪ್ಪಾಗುವುದು ಹಾಗೆ. ಕೊಕೇನ್ ಸೇವಿಸುವವರಲ್ಲಿ ಬಿಳಿ ಕಣ ಹೀಗೆ ಇಳಿದ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2009ರಲ್ಲೇ ವರದಿ ಮಾಡಿತ್ತು.

ವೈದ್ಯರ ಹತ್ತಿರ ಕೊಕೇನ್ ವಿಷಯ ಮುಚ್ಚಿಡಬೇಡಿ. ಲೆವಾಮಿಸೋಲ್ ಮೈಯಿಂದ ಬೇಗ ಹೊರಹೋಗುತ್ತದೆ, ತಡವಾದರೆ ಮೂತ್ರದಲ್ಲಿ ಸಿಗುವುದಿಲ್ಲ. ರಕ್ತಕಣಗಳ ಎಣಿಕೆ ಮಾಡಿಸಿ. ಕೊಕೇನ್ ನಿಲ್ಲಿಸಿದರೆ ಬಿಳಿ ಕಣಗಳು ಸಾಮಾನ್ಯವಾಗಿ ಏರುತ್ತವೆ. ಮತ್ತೆ ಸೇದಿದರೆ ಮತ್ತೆ ಬೀಳಬಹುದು.